ಶೆಟ್ಟರ ಮೂಗು, ಕೆಂಟಕಿಯ ಪೀಪಾಯಿ

“ಇದೆಂಥ ವಿಸ್ಕಿ ಮಾರಾಯ್ರೆ, ಕೆಮ್ಮಿನ ಔಷಧದ ಹಾಗುಂಟಲ್ಲ!” ಎಂದು ಶೆಟ್ಟರು ಗ್ಲಾಸನ್ನು ಕೆಳಗಿಟ್ಟಾಗ ನನಗೆ ನಗುವೂ ಬಂತು, ಸ್ವಲ್ಪ ಮುಖಭಂಗವೂ ಆಯಿತು. ಮುಲುಂಡಿನ ನಮ್ಮ ಮನೆಯ ಬಾಲ್ಕನಿಯಲ್ಲಿ, ಜುಲೈ ತಿಂಗಳ ಮಳೆ ಗ್ರಿಲ್ಲಿನ ಮೇಲೆ ಸದ್ದು ಮಾಡುತ್ತಿದ್ದ ಒಂದು ಶನಿವಾರ ಸಂಜೆ, ನಾನು ಬಹಳ ಆಸ್ಥೆಯಿಂದ ಅವರ ಮುಂದೆ ಬರ್ಬನ್ ವಿಸ್ಕಿಯನ್ನು ಇಟ್ಟಿದ್ದೆ. ಶೆಟ್ಟರು ಭಾಂಡುಪಿನಲ್ಲಿ ಮೂವತ್ತೆರಡು ವರ್ಷ ಪರ್ಮಿಟ್ ರೂಮ್ ನಡೆಸಿ, ಈಗ ಗಲ್ಲಾಪೆಟ್ಟಿಗೆಯನ್ನು ಸೋದರಳಿಯನಿಗೆ ಒಪ್ಪಿಸಿ ವಿಶ್ರಾಂತಿಯಲ್ಲಿರುವವರು. ಕ್ವಾರ್ಟರು, ನೈಂಟಿಗಳ ಲೆಕ್ಕ ಬೆರಳ ತುದಿಯಲ್ಲಿದ್ದರೂ ಸ್ವತಃ ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ಗ್ಲಾಸು ಹಿಡಿಯದ ಶಿಸ್ತಿನ ಮನುಷ್ಯ. ಅಂಥವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಯೋಚಿಸಿದರೆ ಅವರ ಮಾತು ಚರಿತ್ರೆಗೆ ತೀರಾ ದೂರವೂ ಆಗಿರಲಿಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗ, ಆರು ಕಂಪನಿಗಳಿಗೆ ಮಾತ್ರ ‘ಔಷಧಿ ವಿಸ್ಕಿ’ ಮಾರುವ ಪರವಾನಗಿ ಸಿಕ್ಕಿತ್ತು. ವೈದ್ಯರು ಚೀಟಿ ಬರೆದುಕೊಟ್ಟರೆ ಔಷಧದಂಗಡಿಯಲ್ಲಿ ಬರ್ಬನ್ ದೊರೆಯುತ್ತಿತ್ತು. ನಮ್ಮ ಮುಂಬಯಿಯದೂ ಅದೇ ಗೋತ್ರ. 1949ರ ಬಾಂಬೆ ಪಾನನಿಷೇಧ ಕಾಯ್ದೆಯ ಕೃಪೆಯಿಂದಾಗಿ ಇಲ್ಲಿ ಕುಡಿಯಲು ಪರ್ಮಿಟ್ ಬೇಕು, ಆ ಪರ್ಮಿಟ್ ಕೊಡುವುದಕ್ಕೆ ಕಾಗದದ ಮೇಲೆ ಹೇಳಿದ ಕಾರಣ ಆರೋಗ್ಯ ರಕ್ಷಣೆ, ಮತ್ತು ಶೆಟ್ಟರಂಥವರ ಬಾರುಗಳಿಗೆ ‘ಪರ್ಮಿಟ್ ರೂಮ್’ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಅದನ್ನು ನೆನಪಿಸಿದಾಗ ಶೆಟ್ಟರು, “ಹಾಗಾದರೆ ಮೂವತ್ತೆರಡು ವರ್ಷ ನಾನು ಡಾಕ್ಟರಿಕೆ ಮಾಡಿದೆ ಅಂತಾಯಿತು” ಎಂದು ಇನ್ನೊಂದು ಗುಟುಕು ತೆಗೆದುಕೊಂಡರು.

ಬರ್ಬನ್ ಎಂದರೆ ನಮ್ಮಲ್ಲಿ ಬಹುಪಾಲು ಜನರಿಗೆ ಇಂದಿಗೂ ನಡುವೆ ಚಾಕೊಲೇಟ್ ಕ್ರೀಮ್ ಇರುವ, ಮೇಲೆ ಸಕ್ಕರೆ ಹರಳು ಉದುರಿಸಿದ ಬಿಸ್ಕತ್ತು. ವಿಸ್ಕಿಯ ವಿಷಯಕ್ಕೆ ಬಂದರೆ ಅದು ಅಮೆರಿಕದ ಕಾನೂನು ಬಿಗಿಯಾಗಿ ಕಟ್ಟಿಹಾಕಿದ ಹೆಸರು. ಕಾಳಿನ ಮಿಶ್ರಣದಲ್ಲಿ ಕನಿಷ್ಠ ಶೇ. 51 ಗೋವಿನಜೋಳ ಇರಬೇಕು. ಬಟ್ಟಿ ಇಳಿಸುವಾಗ ಮದ್ಯಸಾರ ಶೇ. 80ನ್ನು ಮೀರಬಾರದು, ಪೀಪಾಯಿಗೆ ತುಂಬುವಾಗ ಶೇ. 62.5ಕ್ಕಿಂತ ಹೆಚ್ಚಿರಬಾರದು, ಆ ಪೀಪಾಯಿ ಒಳಗೋಡೆ ಸುಟ್ಟು ಕರಿಯಾಗಿಸಿದ ಹೊಚ್ಚ ಹೊಸ ಓಕ್ ಮರದ್ದಾಗಿರಬೇಕು, ಬಾಟಲಿಗೆ ಇಳಿಯುವಾಗ ಕನಿಷ್ಠ ಶೇ. 40 ಉಳಿದಿರಬೇಕು. ಬಣ್ಣಕ್ಕೆ, ರುಚಿಗೆ ಏನನ್ನೂ ಬೆರೆಸುವಂತಿಲ್ಲ. ಸ್ಕಾಚ್‌ಗೆ ಬಣ್ಣ ಸರಿದೂಗಿಸಲು ಸುಟ್ಟ ಸಕ್ಕರೆಯ ಬಣ್ಣ ಸೇರಿಸಲು ಅವಕಾಶವಿದೆ, ಬರ್ಬನ್‌ಗೆ ಅದೂ ಇಲ್ಲ. ಹಾಗಾಗಿ ಬಾಟಲಿಯಲ್ಲಿ ಕಾಣುವ ಕೆಂಪು ಹೊಳಪೆಲ್ಲ ಮರದಿಂದಲೇ ಬಂದದ್ದು. ಕೆಂಟಕಿ ರಾಜ್ಯದಲ್ಲೇ ತಯಾರಾಗಬೇಕೆಂಬ ನಿಯಮವಿಲ್ಲದಿದ್ದರೂ ಬಹುಪಾಲು ಅಲ್ಲಿಯೇ ತಯಾರಾಗುತ್ತದೆ. ಆ ರಾಜ್ಯದಲ್ಲಿ ಜನರಿಗಿಂತ ಪೀಪಾಯಿಗಳ ಸಂಖ್ಯೆಯೇ ಹೆಚ್ಚು.

ನಾನು ಹಾವೇರಿ ಜಿಲ್ಲೆಯವನು. ನಮ್ಮ ಕಡೆ ಮಳೆಗಾಲ ಎಂದರೆ ಕಣ್ಣು ಹಾಯಿಸಿದಷ್ಟೂ ಗೋವಿನಜೋಳದ ಹೊಲ. ಊರಿನಲ್ಲಿ ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಲಾರಿ ತುಂಬಿ ಹೋಗುತ್ತಿದ್ದ ಆ ಕಾಳಿನಿಂದ ಇಂಥದ್ದೊಂದು ಪೇಯ ಆಗುತ್ತದೆಂದು ತಿಳಿದ ದಿನದಿಂದ ನನಗೆ ಬರ್ಬನ್ ಬಗ್ಗೆ ಒಂದು ಬಗೆಯ ಹೊಲದ ನಂಟು ಬೆಳೆದಿದೆ. ಬರ್ಬನ್ನಿನ ಕುರಿತ ಇಂಗ್ಲಿಷ್ ಬರಹಗಳನ್ನು ಓದಿದರೆ ಮೇಪಲ್ ಪಾಕ, ಪೀಕಾನ್ ಬೀಜ, ಟಾಫಿ, ಚೆರ್ರಿ ಹಣ್ಣಿನ ಪೈ ಎಂದೆಲ್ಲ ವರ್ಣನೆ ಸಿಗುತ್ತದೆ. ಮೊದಲ ಎರಡು ವರ್ಷ ನಾನು ಗ್ಲಾಸಿನಲ್ಲಿ ಈ ವಸ್ತುಗಳನ್ನೇ ಹುಡುಕಿ ಸೋತೆ. ತಿಂದೇ ಇರದ ಪೀಕಾನಿನ ಪರಿಮಳ ಮೂಗಿಗೆ ಎಲ್ಲಿಂದ ಸಿಗಬೇಕು? ಮೂಗು ತನ್ನ ಹಳೆಯ ಉಗ್ರಾಣದಿಂದಲೇ ಹೋಲಿಕೆಗಳನ್ನು ತೆಗೆಯುತ್ತದೆ, ಮತ್ತು ನನ್ನ ಉಗ್ರಾಣ ಹಾವೇರಿಯಲ್ಲಿದೆ. ಆ ಬರಹಗಳನ್ನು ಪಕ್ಕಕ್ಕಿಟ್ಟು ಮೂಸಿದ ದಿನ ಮೊದಲು ಬಂದದ್ದು ಆಲೆಮನೆ: ಕೊಪ್ಪರಿಗೆಯಲ್ಲಿ ಪಾಕ ಏರಿ, ಇನ್ನೇನು ಅಚ್ಚಿಗೆ ಸುರಿಯಬೇಕೆನ್ನುವಾಗ ಅಂಚಿನಲ್ಲಿ ಸ್ವಲ್ಪ ಸೀದ ಬೆಲ್ಲದ ವಾಸನೆ. ಅದರ ಹಿಂದೆ ಒಣಕೊಬ್ಬರಿ, ಅದರ ಹಿಂದೆ ಲವಂಗ.

ಇದು ಕೇವಲ ಊರಿನ ಹಂಬಲದ ಮಾತಲ್ಲ, ಇದಕ್ಕೆ ರಸಾಯನಶಾಸ್ತ್ರದ ಆಧಾರವೂ ಇದೆ. ಪೀಪಾಯಿಯ ಒಳಗೋಡೆಯನ್ನು ಬೆಂಕಿಗೆ ಒಡ್ಡುವುದು ಒಂದು ನಿಮಿಷಕ್ಕೂ ಕಡಿಮೆ ಹೊತ್ತು. ಅಷ್ಟರಲ್ಲಿ ಮೇಲ್ಪದರ ಇದ್ದಿಲಾಗುತ್ತದೆ, ಅದರ ಕೆಳಗಿನ ಪದರದಲ್ಲಿ ಮರದ ಹೆಮಿಸೆಲ್ಯುಲೋಸ್ ಒಡೆದು ಸಕ್ಕರೆಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅಂದರೆ ಮರವೇ ತನ್ನೊಳಗೆ ಪಾಕ ಹಿಡಿಯುತ್ತದೆ. ಲಿಗ್ನಿನ್ ಎಂಬ ಅಂಶ ಒಡೆದು ವೆನಿಲಿನ್ ಹುಟ್ಟುತ್ತದೆ. ಅಮೆರಿಕದ ಓಕಿನಲ್ಲಿ ಹೇರಳವಾಗಿರುವ ಲ್ಯಾಕ್ಟೋನುಗಳು ಕೊಬ್ಬರಿಯ ಪರಿಮಳ ಕೊಡುತ್ತವೆ. ಲವಂಗದ ಎಣ್ಣೆಯ ಮುಖ್ಯಾಂಶವಾದ ಯುಜಿನಾಲ್ ಓಕಿನಲ್ಲಿಯೂ ಇದೆ, ಶೆಟ್ಟರಿಗೆ ಕೆಮ್ಮಿನ ಔಷಧ ನೆನಪಾದದ್ದು ಬಹುಶಃ ಅದರಿಂದಲೇ. ಕೆಂಟಕಿಯ ಉಗ್ರಾಣಗಳಲ್ಲಿ ಬೇಸಿಗೆಯ ಬಿಸಿಗೆ ವಿಸ್ಕಿ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗಾಲದಲ್ಲಿ ಕುಗ್ಗಿ ಹೊರಬರುತ್ತದೆ, ಪ್ರತಿ ಸಲವೂ ಮರದಿಂದ ಏನಾದರೊಂದನ್ನು ಕಿತ್ತು ತರುತ್ತದೆ. ‘ಸ್ಟ್ರೇಟ್ ಬರ್ಬನ್’ ಎಂದು ಚೀಟಿ ಹಚ್ಚಬೇಕಾದರೆ ಈ ಒಳಹೊರಗಿನ ಓಡಾಟ ಕನಿಷ್ಠ 2 ವರ್ಷ ನಡೆದಿರಬೇಕು. ‘ಬಾಟಲ್ಡ್ ಇನ್ ಬಾಂಡ್’ ಎಂದಿದ್ದರೆ 1897ರ ಕಾನೂನಿನಂತೆ ಕನಿಷ್ಠ 4 ವರ್ಷ, ಮದ್ಯಸಾರ ಸರಿಯಾಗಿ ಶೇ. 50.

ಶೆಟ್ಟರ ಮುಂದೆ ಅಂದು ನಾನು ಎರಡು ಬಾಟಲಿ ಇಟ್ಟಿದ್ದೆ. ಒಂದು ಮೇಕರ್ಸ್ ಮಾರ್ಕ್, ಕುತ್ತಿಗೆಗೆ ಕೆಂಪು ಮೇಣ ಸುರಿದದ್ದು. ಅದರ ಮಿಶ್ರಣದಲ್ಲಿ ಗೋವಿನಜೋಳ ಶೇ. 70, ಗೋಧಿ 16, ಮೊಳಕೆ ಬಾರ್ಲಿ 14. ಇನ್ನೊಂದು ವುಡ್‌ಫೋರ್ಡ್ ರಿಸರ್ವ್. ಅದರಲ್ಲಿ ಗೋವಿನಜೋಳ 72, ರೈ ಎಂಬ ಗೋಧಿಯ ಬಳಗದ ಕಾಳು 18, ಬಾರ್ಲಿ 10. ಬರ್ಬನ್ ರುಚಿ ನೋಡಲು ಹೊರಟವರಿಗೆ ಇವೆರಡನ್ನು ಅಕ್ಕಪಕ್ಕ ಇಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ, ಏಕೆಂದರೆ ಎರಡರಲ್ಲೂ ಗೋವಿನಜೋಳದ ಪಾಲು ಹೆಚ್ಚುಕಡಿಮೆ ಒಂದೇ, ಬದಲಾಗುವುದು ಎರಡನೆಯ ಕಾಳು. ಗೋಧಿ ಇರುವುದು ನಾಲಿಗೆಯ ಮೇಲೆ ತುಪ್ಪ ಸವರಿದಂತೆ ಮೆತ್ತಗೆ ಹರಡಿ, ಸಿಹಿಯಾಗಿಯೇ ಇಳಿಯುತ್ತದೆ. ರೈ ಇರುವುದು ಮೊದಲು ಸಿಹಿ ತೋರಿಸಿ, ನುಂಗುವ ಹೊತ್ತಿಗೆ ಮೆಣಸಿನ ಸಾರು ಕುಡಿದಂತೆ ಗಂಟಲಿನ ಹಿಂದೆ ಖಾರ ಬಿಡುತ್ತದೆ. ಶೆಟ್ಟರು ಒಂದೊಂದೇ ಗುಟುಕು ತೆಗೆದುಕೊಂಡು, ಎರಡನೆಯದನ್ನು ತೋರಿಸಿ, “ಇದಕ್ಕೆ ಕೋರಿ ರೊಟ್ಟಿ ಆಗ್ತದೆ, ಮೊದಲನೆಯದಕ್ಕೆ ಆಗುವುದಿಲ್ಲ” ಎಂದರು. ನಾನು ಎರಡು ವರ್ಷ ಓದಿ ಕಲಿತದ್ದನ್ನು ಅವರು ಎರಡು ಗುಟುಕಿನಲ್ಲಿ ಹೇಳಿ ಮುಗಿಸಿದ್ದರು.

ನೀರಿನ ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಪ್ಪಲಿಲ್ಲ. ಪರ್ಮಿಟ್ ರೂಮಿನ ಸಂಪ್ರದಾಯದಲ್ಲಿ ಪೆಗ್ಗಿನ ಮೇಲೆ ಗ್ಲಾಸು ತುಂಬ ನೀರು, ಇಲ್ಲವೇ ಸೋಡಾ. ನಮ್ಮ ದೇಶದ ಅಗ್ಗದ ವಿಸ್ಕಿಗಳಲ್ಲಿ ಹಲವು ಕಾಕಂಬಿಯಿಂದ ಇಳಿಸಿದ ಮದ್ಯಸಾರವನ್ನು ಆಧರಿಸಿದವು. ಅವುಗಳಿಗೆ ಆ ನೀರು ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಬರ್ಬನ್‌ಗೆ ನಾನು ಮೊದಲು 30 ಮಿಲಿಲೀಟರನ್ನು ಹಾಗೆಯೇ ಸುರಿದುಕೊಂಡು ಐದು ನಿಮಿಷ ಸುಮ್ಮನೆ ಬಿಡುತ್ತೇನೆ. ಮೂಸುವಾಗ ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು ಬಾಯಿಯನ್ನು ಸ್ವಲ್ಪ ತೆರೆದಿಟ್ಟುಕೊಂಡರೆ ಮದ್ಯಸಾರದ ಘಾಟು ಮೂಗನ್ನು ಕುಟ್ಟುವುದಿಲ್ಲ. ಮೊದಲ ಗುಟುಕು ಲೆಕ್ಕಕ್ಕಿಲ್ಲ, ಅದು ನಾಲಿಗೆಗೆ ಕೊಡುವ ಮುನ್ಸೂಚನೆ ಮಾತ್ರ. ಎರಡನೆಯದನ್ನು ಬಾಯಲ್ಲಿ ಆಡಿಸಿ ನುಂಗಿ, ಆಮೇಲೆ ಟೀ ಚಮಚದ ತುದಿಯಿಂದ ನಾಲ್ಕೈದು ಹನಿ ನೀರು. ಶೇ. 45ರ ಮೇಲಿನ ಬರ್ಬನ್‌ಗಳಲ್ಲಿ ಆ ಹನಿಗಳು ಬಿದ್ದೊಡನೆ ಅಡಗಿದ್ದ ಪರಿಮಳ ಎದ್ದು ಬರುವುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಶೆಟ್ಟರು ಇದನ್ನೆಲ್ಲ ತಾಳ್ಮೆಯಿಂದ ನೋಡಿ, “ನನ್ನ ಗಿರಾಕಿಗಳು ಹೀಗೆ ಕುಡಿದಿದ್ದರೆ ನಾನು ಊರಿಗೆ ವಾಪಸು ಹೋಗಬೇಕಿತ್ತು” ಎಂದರು.

ಕೆಳಗೆ ಗೇಟಿನ ಬಳಿ ಭುಟ್ಟಾದವನು ಬಂದಿದ್ದ. ಎರಡು ತೆನೆ ತರಿಸಿದೆವು. ಇದ್ದಿಲ ಮೇಲೆ ಸುಟ್ಟ, ನಿಂಬೆಹೋಳಿನಿಂದ ಉಪ್ಪುಖಾರ ತಿಕ್ಕಿದ ಆ ಬಿಸಿ ಗೋವಿನಜೋಳದ ಜೊತೆಗೆ ಬರ್ಬನ್ ಎಷ್ಟು ಹೊಂದಿಕೊಂಡಿತೆಂದರೆ, ಅಂದಿನಿಂದ ಮಳೆಗಾಲದಲ್ಲಿ ನಮ್ಮ ಚಕಣಾ ಅದೊಂದೇ. ಒಂದರಲ್ಲಿ ಕಾಳನ್ನು ಸುಟ್ಟಿದ್ದಾರೆ, ಇನ್ನೊಂದರಲ್ಲಿ ಕಾಳಿನ ರಸ ತುಂಬಿದ ಮರವನ್ನು ಸುಟ್ಟಿದ್ದಾರೆ, ನಡುವೆ ನಿಂಬೆ ಮತ್ತು ಖಾರ ಬಂದು ಸಿಹಿಯನ್ನು ಹದ್ದುಬಸ್ತಿನಲ್ಲಿಡುತ್ತವೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಶೆಟ್ಟರೂ ನಾನೂ ಗೋವೆಗೆ ಹೋದೆವು. ಮಾಂಡವಿ ಎಕ್ಸ್‌ಪ್ರೆಸ್ಸಿನಲ್ಲಿ ಮಡಗಾಂವ್ ತಲುಪಿ, ಅಲ್ಲಿಂದ ಕಾರು. ಚಾಲಕ ವಿಜಯಪುರದ ಕಡೆಯವನು, ನಮ್ಮ ಕನ್ನಡ ಕೇಳಿ ಬಾಡಿಗೆಯಲ್ಲಿ ನೂರು ರೂಪಾಯಿ ತಾನಾಗಿಯೇ ಇಳಿಸಿದ. ದಕ್ಷಿಣಕ್ಕಿರುವ ಕುಂಕಳ್ಳಿಯಲ್ಲಿ ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಕಂಪನಿಯ ಭಟ್ಟಿ ಇದೆ. 2012ರಿಂದ ಮಾರುಕಟ್ಟೆಯಲ್ಲಿರುವ ಪಾಲ್ ಜಾನ್ ಸಿಂಗಲ್ ಮಾಲ್ಟ್ ತಯಾರಾಗುವುದು ಇಲ್ಲಿ. ಬರ್ಬನ್ ನೋಡಲು ಗೋವೆಗೆ ಏಕೆ ಹೋಗಬೇಕು ಎಂದು ಕೇಳಬಹುದು. ಹೊಸ ಪೀಪಾಯಿಯೇ ಆಗಬೇಕೆಂಬ ಅಮೆರಿಕದ ನಿಯಮದಿಂದಾಗಿ, ಒಮ್ಮೆ ಬರ್ಬನ್ ತುಂಬಿ ತೆಗೆದ ಪೀಪಾಯಿ ಅದೇ ಕೆಲಸಕ್ಕೆ ಮತ್ತೆ ಬರುವುದಿಲ್ಲ. ಸುಮಾರು 200 ಲೀಟರ್ ಹಿಡಿಸುವ, ಇನ್ನೂ ಹತ್ತಾರು ವರ್ಷ ಬಾಳುವ ಆ ಪೀಪಾಯಿಗಳು ಸ್ಕಾಟ್ಲೆಂಡಿಗೆ, ಐರ್ಲೆಂಡಿಗೆ, ಮೆಕ್ಸಿಕೋಗೆ, ಬೆಂಗಳೂರಿನ ಅಮೃತ್ ವಿಸ್ಕಿ ಕಂಪನಿಗೆ ಮತ್ತು ಕುಂಕಳ್ಳಿಗೆ ಬರುತ್ತವೆ. ಬಫಲೋ ಟ್ರೇಸ್ ಬರ್ಬನ್ ತಯಾರಿಸುವ ಸ್ಯಾಜರಾಕ್ ಕಂಪನಿ 2017ರಲ್ಲಿ ಈ ಬೆಂಗಳೂರಿನ ಕಂಪನಿಯಲ್ಲಿ ಪಾಲು ಕೊಂಡ ಮೇಲೆ ಎರಡೂ ಕಡೆಯವರು ಬೀಗರೂ ಆಗಿದ್ದಾರೆ.

ಅಲ್ಲಿ ಉಗ್ರಾಣದ ಬಾಗಿಲು ದಾಟಿದೊಡನೆ ಶೆಟ್ಟರು ನಿಂತುಬಿಟ್ಟರು. ಗಾಳಿಯಲ್ಲೇ ವಿಸ್ಕಿ ಇತ್ತು. ಪೀಪಾಯಿಯ ಮರದ ಮೂಲಕ ಆವಿಯಾಗಿ ಹೋಗುವ ಪಾಲನ್ನು ಈ ಕಸುಬಿನವರು ದೇವದೂತರ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಶೇ. 2ರಷ್ಟಾದರೆ ಗೋವೆಯ ಸೆಕೆಯಲ್ಲಿ ಶೇ. 8ರ ಆಸುಪಾಸು. ವ್ಯಾಪಾರದ ಮನುಷ್ಯನಾದ ಶೆಟ್ಟರು ಬೆರಳು ಮಡಚಿ ಏನೋ ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟರು. ಆಮೇಲೆ ಬಿರಡೆ ತೆಗೆದಿಟ್ಟಿದ್ದ ಒಂದು ಖಾಲಿ ಪೀಪಾಯಿಯ ಬಳಿ ಹೋಗಿ, ಎರಡೂ ಕೈಯನ್ನು ಅದರ ಹೊಟ್ಟೆಯ ಮೇಲೆ ಊರಿ, ರಂಧ್ರಕ್ಕೆ ಮೂಗನ್ನಿಟ್ಟು ಬಹಳ ಹೊತ್ತು ಹಾಗೆಯೇ ಬಾಗಿ ನಿಂತರು. ತಲೆ ಎತ್ತಿದಾಗ ಮೂಗಿನ ತುದಿಗೆ ಮಸಿ ಹತ್ತಿತ್ತು. “ಔಷಧ ಅಲ್ಲ ಮಾರಾಯ್ರೆ, ನಮ್ಮ ಅಜ್ಜಿಯ ಮನೆಯ ಮರದ ಪೆಟ್ಟಿಗೆ. ಬೆಲ್ಲ, ಕೊಬ್ಬರಿ, ಲವಂಗ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕುತ್ತಿದ್ದಳು” ಎಂದರು. ನನ್ನ ಆಲೆಮನೆಯನ್ನು ಅವರಿಗೆ ನಾನು ಅಲ್ಲಿಯವರೆಗೆ ಹೇಳಿರಲಿಲ್ಲ.

ಗೋವೆಯಲ್ಲಿ ಮದ್ಯದ ಬೆಲೆ ಮುಂಬಯಿಗಿಂತ ಕಡಿಮೆ, ಆದರೂ ನಾವು ಬಾಟಲಿ ಹೊತ್ತು ತರಲಿಲ್ಲ. ಪರವಾನಗಿ ಇಲ್ಲದೆ ಮಹಾರಾಷ್ಟ್ರದ ಗಡಿ ದಾಟಿಸುವುದು ಅಪರಾಧ. ಮುಂದೆ 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿದಾಗ ಶೆಟ್ಟರೇ ಫೋನು ಮಾಡಿ ಸುದ್ದಿ ಓದಿ ಹೇಳಿದರು.

ಇನ್ನು ಕಾಕ್‌ಟೇಲ್. ನನ್ನ ಅಭಿಪ್ರಾಯದಲ್ಲಿ ಬರ್ಬನ್‌ನ ಸಿಹಿ ಮತ್ತು ಮರದ ಒಗರು ಬೆರಕೆಗೆ ಸ್ಕಾಚ್‌ಗಿಂತ ಹೆಚ್ಚು ಒಗ್ಗುತ್ತವೆ, ಆದರೆ ಬೆರಕೆಯಾದ ಮೇಲೂ ಅದು ಬರ್ಬನ್ ಎಂದು ಗೊತ್ತಾಗಬೇಕು. ಮುಂಬಯಿಯ ಒಂದು ದುಬಾರಿ ಬಾರಿನಲ್ಲಿ ನನಗೆ ಗಾಜಿನ ಗಂಟೆಯೊಳಗೆ ಹೊಗೆ ತುಂಬಿಸಿ ಓಲ್ಡ್ ಫ್ಯಾಷನ್ಡ್ ತಂದುಕೊಟ್ಟರು. ಗಂಟೆ ಎತ್ತಿದಾಗ ಸುತ್ತಲಿನವರು ಫೋಟೋ ತೆಗೆದರು. ಕುಡಿದಾಗ ಹಸಿ ಸೌದೆಯ ಒಲೆ ಊದಿದ ಅನುಭವವಾಯಿತು, ಬರ್ಬನ್ ಯಾವುದೆಂದು ಕೊನೆಗೂ ತಿಳಿಯಲಿಲ್ಲ. ಮರವನ್ನು ಒಮ್ಮೆ ಸುಟ್ಟು ವರ್ಷಗಟ್ಟಲೆ ಕಾದು ಪಡೆದ ರುಚಿಯ ಮೇಲೆ ಮತ್ತೆ ಹೊಗೆ ಹಾಕುವುದೇಕೆ?

ಓಲ್ಡ್ ಫ್ಯಾಷನ್ಡ್ ಹೆಸರೇ ಹೇಳುವಂತೆ ಹಳೆಯ ಕ್ರಮದ್ದು. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಒಂದು ಪತ್ರಿಕೆ ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ (ಬೇರು, ಮಸಾಲೆಗಳ ಕಹಿ ಅರ್ಕ) ಎಂದು ವಿವರಿಸಿತ್ತು. ಇಂದಿಗೂ ಇದರಲ್ಲಿ ಇರುವುದು ಅಷ್ಟೇ. ಸಕ್ಕರೆಯ ಬದಲು ಬೆಲ್ಲ ಹಾಕುವ ಆಲೋಚನೆ ಸಹಜವಾಗಿ ಬಂತು, ಮೊದಲ ಪ್ರಯತ್ನ ಕೆಟ್ಟಿತು. ಮಾರುಕಟ್ಟೆಯ ಬೆಲ್ಲದ ತುಣುಕನ್ನು ಗ್ಲಾಸಿನಲ್ಲೇ ಕುಟ್ಟಿದ್ದರಿಂದ ಅರ್ಧ ಕರಗಲಿಲ್ಲ, ತಳದಲ್ಲಿ ಮರಳು ಸಿಕ್ಕಿತು, ಮೇಲೆ ಉಪ್ಪುಪ್ಪು ರುಚಿ. ಈಗ ಬೆಲ್ಲಕ್ಕೆ ಸಮತೂಕದ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಫ್ರಿಜ್ಜಿನಲ್ಲಿ ಇಟ್ಟುಕೊಂಡಿರುತ್ತೇನೆ. ಅದರಲ್ಲಿ ಒಂದು ಟೀ ಚಮಚ, ಅಂಗೋಸ್ಟುರಾ ಬಿಟರ್ಸ್ ಎರಡು ಚಿಮುಕು, ರೈ ಇರುವ ಬರ್ಬನ್ 60 ಮಿಲಿಲೀಟರ್, ಸ್ಟೀಲಿನ ಬಟ್ಟಲಲ್ಲಿ ಕಟ್ಟಿಸಿದ ದಪ್ಪ ಮಂಜುಗಡ್ಡೆ. ಗ್ಲಾಸಿನ ಹೊರಮೈ ಬೆವರುವವರೆಗೆ ನಿಧಾನವಾಗಿ ತಿರುಗಿಸಬೇಕು. ಕರಗುವ ಮಂಜುಗಡ್ಡೆಯೇ ಇದರ ನೀರು, ಹಾಗಾಗಿ ಅವಸರ ಮಾಡಿದರೆ ಪೇಯ ಅರೆಬೆಂದಂತೆ ಉಳಿಯುತ್ತದೆ. ಕೊನೆಗೆ ನಾಗಪುರ ಕಿತ್ತಳೆಯ ಸಿಪ್ಪೆಯ ಒಂದು ಪಟ್ಟಿಯನ್ನು ಗ್ಲಾಸಿನ ಮೇಲೆ ಹಿಂಡಿದರೆ ಎಣ್ಣೆಯ ಸಣ್ಣ ತುಂತುರು ಮೇಲ್ಮೈಯಲ್ಲಿ ಹರಡಿ ಹೊಳೆಯುವುದು ಕಾಣುತ್ತದೆ. ಗೋಧಿಯ ಬರ್ಬನ್ ಹಾಕಿದರೆ ಬೆಲ್ಲದ ಜೊತೆ ಸೇರಿ ಪಾನಕವಾಗುತ್ತದೆ. ಅದನ್ನು ನಿಂಬೆರಸ ಮತ್ತು ಜೇನು ಹಾಕಿ ಕುಲುಕುವ ಬೆರಕೆಗೆ ಮೀಸಲಿಡುವುದು ಒಳ್ಳೆಯದು.

ಮಿಂಟ್ ಜುಲೆಪ್ ಬಗ್ಗೆ ಹೇಳದೆ ಇರಲಾರೆ. ಪುದೀನ, ಸಕ್ಕರೆ, ಬರ್ಬನ್, ಪುಡಿ ಮಾಡಿದ ಮಂಜುಗಡ್ಡೆ. 1875ರಲ್ಲಿ ಆರಂಭವಾದ ಕೆಂಟಕಿ ಡರ್ಬಿ ಕುದುರೆ ಪಂದ್ಯದ ದಿನ ಇದನ್ನು ಕುಡಿಯುವುದು ಅಲ್ಲಿನ ವಾಡಿಕೆ. ‘ಜುಲೆಪ್’ ಶಬ್ದದ ಮೂಲ ಪನ್ನೀರು ಎಂಬರ್ಥದ ಪಾರಸಿಯ ಗುಲಾಬ್. ಅದೇ ಪದ ಅರಬ್ಬಿಯ ಹಾದಿಯಲ್ಲಿ ತಿರುಗಿ ಬಂದು ಮರಾಠಿಯಲ್ಲಿಯೂ ನಮ್ಮ ಕನ್ನಡದಲ್ಲಿಯೂ ಜುಲಾಬು ಆಗಿದೆ. ಹಾಗಾಗಿ ಪಕ್ಕದ ಮನೆಯ ಮರಾಠಿ ಗೆಳೆಯರನ್ನು ನಾನು ಜುಲೆಪ್ ಕುಡಿಯಲು ಕರೆದಾಗ ಅವರ ಮುಖ ಹೇಗಾಗಿರಬಹುದೆಂದು ಊಹಿಸಿ. ಮಂಜುಗಡ್ಡೆಯನ್ನು ಗೋಲಾದವನ ಯಂತ್ರದಲ್ಲಿ ಕೆತ್ತಿಸಿ ತಂದರೆ ಅತ್ಯುತ್ತಮವಾಗುತ್ತದೆ, ಮನೆ ತಲುಪುವವರೆಗೆ ಉಳಿದರೆ.

ಕಳೆದ ತಿಂಗಳು ಶೆಟ್ಟರು ಮತ್ತೆ ಬಂದಿದ್ದರು, ಈ ಸಲ ತಾವೇ ಕೆಂಪು ಮೇಣದ ಬಾಟಲಿ ಹಿಡಿದುಕೊಂಡು. ತಲಾ 60 ಮಿಲಿಲೀಟರ್, ನಾಲ್ಕು ಹನಿ ನೀರು, ಮತ್ತೇನೂ ಇಲ್ಲ. ರಾತ್ರಿ ಗ್ಲಾಸುಗಳನ್ನು ತೊಳೆಯದೆ ಹಾಗೆಯೇ ಮೇಜಿನ ಮೇಲೆ ಬಿಟ್ಟು ಮಲಗಿದೆ. ಮದ್ಯಸಾರವೆಲ್ಲ ಆರಿಹೋದ ಮೇಲೆ ಗ್ಲಾಸಿನ ಗೋಡೆಗೆ ಅಂಟಿ ಉಳಿಯುವುದು ಮರದ ಪರಿಮಳ ಒಂದೇ, ಬೆಳಿಗ್ಗೆ ಅದನ್ನು ಮೂಸುವುದು ನನ್ನ ಅಭ್ಯಾಸ. ನಾನು ಏಳುವಷ್ಟರಲ್ಲಿ ನನ್ನ ಹೆಂಡತಿ ಗ್ಲಾಸುಗಳನ್ನು ಅಡುಗೆಮನೆಗೆ ಒಯ್ದಿದ್ದಳು; ವಿಸ್ಕಿಯ ವಾಸನೆಗೆ ಮುಖ ತಿರುಗಿಸುವವಳು ಅಂದು ಒಂದನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದಳು.

“ಇದ್ರಾಗ ಹೂರಣಾ ಹಾಕಿದ್ರೇನ್ರಿ?” ಎಂದು ಕೇಳಿದಳು.